ಸುತ್ತಿಗೆ ತಲೆಯ ಶಾರ್ಕ್ ಮತ್ತು ಬಾಣಂತಿಯ ಸಾರು

ಜುಮಾ ಮುಗಿದ ಮೇಲೆ ಮದ್ರಸದ ಕೆಲವು ಹುಡುಗರು ಮೊಬೈಲಿನಲ್ಲಿ ಒಂದು ಮೀನನ್ನು ತೋರಿಸಿ, "ಉಸ್ತಾದ್, ಇದನ್ನು ತಿನ್ನಬಹುದಾ?" ಎಂದು ಕೇಳಿದರು. ತಲೆ ಎರಡೂ ಬದಿಗೆ ಚಾಚಿಕೊಂಡು ಸುತ್ತಿಗೆಯಂತೆ ಕಾಣುವ ಶಾರ್ಕ್ ಅದು. ಸಮುದ್ರದ ಬೇಟೆ ಹಲಾಲ್ ಎಂಬುದು ಸೂರಃ ಅಲ್‌ಮಾಇದದಲ್ಲಿಯೇ ಇದೆ. ಇಹ್ರಾಮಿನಲ್ಲಿರುವವರಿಗೂ ಅದಕ್ಕೆ ತಡೆಯಿಲ್ಲ. ಶಾರ್ಕ್ ಮೀನೇ ಆಗಿರುವುದರಿಂದ ಉತ್ತರ ಸುಲಭವಿತ್ತು. ಆದರೆ ಒಂದೇ ಮಾತಿನಲ್ಲಿ ಮುಗಿಸಲು ನಮಗೆ ಮನಸ್ಸು ಬರಲಿಲ್ಲ.

ಅರಬಿಯಲ್ಲಿ ಶಾರ್ಕಿಗೆ 'ಖಿರ್ಶ್' ಎನ್ನುತ್ತಾರೆ. ಖುರೈಶ್ ಗೋತ್ರದ ಹೆಸರು ಇದೇ ಪದದಿಂದ ಬಂದಿದೆ ಎನ್ನುವ ವಿದ್ವಾಂಸರಿದ್ದಾರೆ. ಬೇರೆ ಅಭಿಪ್ರಾಯಗಳೂ ಇವೆ, ಆ ಚರ್ಚೆ ಇಲ್ಲಿ ಬೇಡ.

ಈ ವಿಚಿತ್ರ ತಲೆ ಏಕೆ? ಅದರ ಅಡಿಭಾಗದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಒಳಗೆ ಲೋಳೆಯಂಥ ದ್ರವ ತುಂಬಿದೆ. ಯಾವ ಜೀವಿಯೇ ಆಗಲಿ, ಸ್ನಾಯು ಅಲುಗಿದರೆ, ಉಸಿರಾಡಿದರೆ ಅತಿ ಸೂಕ್ಷ್ಮ ವಿದ್ಯುತ್ ಹುಟ್ಟುತ್ತದೆ. ಆ ರಂಧ್ರಗಳು ಅದನ್ನು ಹಿಡಿಯುತ್ತವೆ. ಎಲ್ಲ ಶಾರ್ಕ್‌ಗಳಿಗೂ ಈ ಶಕ್ತಿ ಇದೆ. ಸುತ್ತಿಗೆ ತಲೆಯವಕ್ಕೆ ತಲೆ ಅಗಲವಾದಷ್ಟೂ ಒಮ್ಮೆಗೆ ಹೆಚ್ಚು ಜಾಗ ಶೋಧಿಸಲು ಸಾಧ್ಯ. ಮರಳಿನಡಿ ಹೂತು ಮಲಗಿದ ತೊರಕೆ ಮೀನು ನಮ್ಮ ಕಣ್ಣಿಗೆ ಬೀಳದು, ಇದಕ್ಕೆ ಗೊತ್ತಾಗುತ್ತದೆ. ಸಿಕ್ಕ ತೊರಕೆಯನ್ನು ದೊಡ್ಡ ಜಾತಿಯ ಶಾರ್ಕ್ ತನ್ನ ತಲೆಯಿಂದಲೇ ನೆಲಕ್ಕೆ ಅದುಮಿ ಹಿಡಿದು, ರೆಕ್ಕೆ ಕಚ್ಚುವುದನ್ನು ನೋಡಿದವರಿದ್ದಾರೆ. ತೊರಕೆಯ ವಿಷಮುಳ್ಳುಗಳು ಬಾಯಲ್ಲಿ ನಾಟಿಕೊಂಡಿದ್ದರೂ ಅದು ಲೆಕ್ಕಿಸುವುದಿಲ್ಲ.

ಕಣ್ಣುಗಳು ತಲೆಯ ಎರಡು ತುದಿಗಳಲ್ಲಿವೆ. ಇಷ್ಟು ದೂರವಿದ್ದರೆ ಎದುರಿನದ್ದು ಕಾಣುವುದು ಹೇಗೆ ಎಂದು ಬಹಳ ಕಾಲ ಸಂಶಯವಿತ್ತು. 2009ರಲ್ಲಿ ಪ್ರಕಟವಾದ ಸಂಶೋಧನೆ ಅದಕ್ಕೆ ವಿರುದ್ಧವಾದುದನ್ನೇ ತೋರಿಸಿತು: ಎರಡೂ ಕಣ್ಣುಗಳ ನೋಟ ಎದುರಿನಲ್ಲಿ ಒಂದರ ಮೇಲೊಂದು ಬೀಳುವ ಕ್ಷೇತ್ರ ಅಗಲ ತಲೆಯವಕ್ಕೆ ಬೇರೆ ಶಾರ್ಕ್‌ಗಳಿಗಿಂತ ಹೆಚ್ಚು. ದೂರವನ್ನು ಅಳೆಯಲು ಇದು ಸಹಾಯ. ಮೂಗಿನ ಮುಂದೆ ಮಾತ್ರ ಸ್ವಲ್ಪ ಜಾಗ ಕಾಣದು.

ಕೆಂಪು ಸಮುದ್ರದಲ್ಲಿ, ಜಿದ್ದಾದ ಎದುರು ದಡವಾದ ಸುಡಾನಿನ ಸಂಗನೇಬ್ ಹವಳದ ದಿಬ್ಬದ ಬಳಿ ಇವು ಗುಂಪುಗುಂಪಾಗಿ ಸುತ್ತುತ್ತವೆ. ಹಜ್ಜಿಗೆ ಹೋದವರು ಜಿದ್ದಾದಲ್ಲಿ ನೋಡಿದ ಅದೇ ನೀರು. ಒಂಟಿಯಾಗಿ ಬೇಟೆಯಾಡುವ ಶಾರ್ಕ್‌ಗಳಲ್ಲಿ ಇಂಥ ದೊಡ್ಡ ಗುಂಪು ಅಪರೂಪ. ಹಗಲು ಒಟ್ಟಿಗಿದ್ದು, ರಾತ್ರಿ ಚದುರಿ ಬೇಟೆಗೆ ಹೋಗಿ, ಬೆಳಗಾಗುವಾಗ ಅದೇ ಜಾಗಕ್ಕೆ ಮರಳುವುದನ್ನು ವಿಜ್ಞಾನಿಗಳು ಮೆಕ್ಸಿಕೋದ ಕಡಲಿನಲ್ಲಿ ದಾಖಲಿಸಿದ್ದಾರೆ. ಇನ್ನೊಂದು ಸಂಗತಿ 2023ರಲ್ಲಿ ಹೊರಬಂತು. ಹವಾಯಿಯಲ್ಲಿ ಇವು ರಾತ್ರಿ 800 ಮೀಟರಿಗಿಂತಲೂ ಆಳದ ತಣ್ಣೀರಿಗೆ ಇಳಿಯುವಾಗ ಕಿವಿರು ಮುಚ್ಚಿ ಉಸಿರು ಹಿಡಿದುಕೊಳ್ಳುತ್ತವೆ. ಮೈಯ ಶಾಖ ಕಿವಿರಿನಿಂದ ಸೋರಿಹೋಗದಿರಲಿ ಎಂದು! ಮೀನು ನೀರಿನಲ್ಲಿ ಉಸಿರು ಬಿಗಿಹಿಡಿಯುವುದನ್ನು ಕೇಳಿ ಹುಡುಗರು ನಕ್ಕರು. ಸುಬ್‌ಹಾನಲ್ಲಾಹ್ ಎಂದು ನಾವೂ ನಕ್ಕೆವು.

ಈಗ ನಮ್ಮ ಮನೆಯ ವಿಷಯ. ಸುತ್ತಿಗೆ ತಲೆಯ ಶಾರ್ಕ್ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹೊಕ್ಕುಳಬಳ್ಳಿಯಂಥ ಬಳ್ಳಿಯ ಮೂಲಕ ತಾಯಿಯ ಹೊಟ್ಟೆಯಲ್ಲಿಯೇ ಆಹಾರ ಪಡೆದು, ಸುಮಾರು ಒಂಬತ್ತರಿಂದ ಹನ್ನೆರಡು ತಿಂಗಳಲ್ಲಿ ಹುಟ್ಟುತ್ತವೆ. ಹೆರಿಗೆಯಲ್ಲಿ ತಾಯಿಗೆ ಗಾಯವಾಗದಂತೆ ಮರಿಗಳ ತಲೆ ಮೆತ್ತಗಿದ್ದು ಹಿಂದಕ್ಕೆ ಬಾಗಿರುತ್ತದೆ. ಬಂಗುಡೆ, ಭೂತಾಯಿಗಳಂತೆ ಸಾವಿರಾರು ಮೊಟ್ಟೆಯ ಲೆಕ್ಕ ಇಲ್ಲಿಲ್ಲ. ಒಂದು ಹೆರಿಗೆಗೆ ಹತ್ತೋ ನಾಲ್ವತ್ತೋ ಮರಿಗಳು. ಹೆಣ್ಣು ತಾಯಾಗಲು ಹಲವು ವರ್ಷ ಬೇಕು. ಮರಿಗಳು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ, ಬಲೆಗಳು ಹೆಚ್ಚಾಗಿ ಬೀಳುವುದೂ ಅಲ್ಲಿಯೇ.

ಕರಾವಳಿಯಲ್ಲಿ ಬಾಣಂತಿಗೆ ಹಾಲು ಹೆಚ್ಚಲಿ ಎಂದು ತಾಟೆಯ ಮರಿ ತಂದು ಸಾರು ಮಾಡಿಕೊಡುವ ರೂಢಿಯಿದೆ. ಪ್ರೀತಿಯಿಂದ ಮಾಡುವ ಕೆಲಸ, ನಾವು ಹಗುರವಾಗಿ ನೋಡುವುದಿಲ್ಲ. ಆದರೆ ದೊಡ್ಡ ಶಾರ್ಕ್‌ಗಳ ಮಾಂಸದಲ್ಲಿ ಪಾದರಸ ಸೇರಿಕೊಂಡಿರುತ್ತದೆಂದು ಗರ್ಭಿಣಿಯರೂ ಹಾಲುಣಿಸುವವರೂ ಶಾರ್ಕ್ ತಿನ್ನಬಾರದೆಂದು ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ವೈದ್ಯರನ್ನೊಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಇವುಗಳ ಎರಡು ಮುಖ್ಯ ಜಾತಿಗಳು 2019ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿವೆ. ರೆಕ್ಕೆ ಮಾತ್ರ ಕತ್ತರಿಸಿಕೊಂಡು ಜೀವಂತ ಮೈಯನ್ನು ಕಡಲಿಗೆ ಎಸೆಯುವ ದಂಧೆಯೂ ಇದಕ್ಕೆ ಒಂದು ಕಾರಣ. ಜೀವವಿರುವ ಪ್ರಾಣಿಯ ಅಂಗ ಕತ್ತರಿಸುವವರನ್ನು ಪ್ರವಾದಿಯವರು(ಸ) ಶಪಿಸಿದ್ದಾರೆ. ಅಂಥ ರೆಕ್ಕೆಯ ಹಣ ಹಲಾಲೇ ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಸುಲಭವಾಗಿರದು. 2013ರಿಂದ ನಮ್ಮ ದೇಶದಲ್ಲಿ ಶಾರ್ಕನ್ನು ರೆಕ್ಕೆ ಸಮೇತವೇ ದಡಕ್ಕೆ ತರಬೇಕು, 2015ರಿಂದ ರೆಕ್ಕೆ ರಫ್ತಿಗೂ ನಿಷೇಧ.

ಬಲೆಗೆ ಬಿದ್ದದ್ದನ್ನು ಬಿಟ್ಟುಬಿಡಿ ಎಂದು ನಮ್ಮ ಮೀನುಗಾರ ಸಹೋದರರಿಗೆ ಹೇಳುವುದು ಸುಲಭ. ಈ ಜಾತಿ ಬಲೆಯಲ್ಲಿ ಬೇಗ ಸಾಯುತ್ತದೆ, ಈಜದಿದ್ದರೆ ಉಸಿರಾಟವೇ ಕಷ್ಟ. ಮೇಲೆಳೆಯುವಷ್ಟರಲ್ಲಿ ಹೆಚ್ಚಿನವು ಸತ್ತಿರುತ್ತವೆ. ಆದ್ದರಿಂದ ಮರಿಗಳಿರುವ ಜಾಗ ಗೊತ್ತಿರುವವರು ಅಲ್ಲಿ ಬಲೆ ಹಾಕದಿರುವುದೇ ಇರುವ ದಾರಿ, ಆ ಜಾಗ ಅವರಿಗಿಂತ ಚೆನ್ನಾಗಿ ಬಲ್ಲವರೂ ಇಲ್ಲ. ಕೊಳ್ಳುವವರಿಗೆ ಒಂದು ಮಾತು: ತಲೆ ಕತ್ತರಿಸಿದ ಮೇಲೆ ಇದು ಯಾವ ತಾಟೆಯೆಂದು ಹೇಳುವುದು ಕಷ್ಟ. ಬುಟ್ಟಿಯಲ್ಲಿ ತಲೆ ಸಮೇತ ಇರುವಾಗಲೇ ನೋಡಿ ಕೇಳಿ.