ದೋಟಿಯ ತುದಿ ನಿಲ್ಲುವುದು ಹೇಗೆ?

ಕರಾವಳಿ, ಮಲೆನಾಡಿನ ಅಡಿಕೆ ತೋಟಗಳಲ್ಲಿ ಈಗ ಮರ ಹತ್ತದೆ, ನೆಲದ ಮೇಲೆ ನಿಂತೇ ಕಾರ್ಬನ್ ಫೈಬರ್ ದೋಟಿಯಿಂದ ಗೊನೆ ಕೊಯ್ಯುವವರಿದ್ದಾರೆ. 60 ಅಡಿಯಷ್ಟು ಉದ್ದದ ಆ ಹಗುರ ಕೋಲನ್ನು ಹಿಡಿದ ಕೈ ನಿಂತರೂ ತುದಿಯ ಕತ್ತಿ ನಿಲ್ಲುವುದಿಲ್ಲ. ಓಲಾಟ ತಾನಾಗಿ ತಣಿಯಲೆಂದು ಕಾಯಬೇಕು, ಇಲ್ಲವೇ ಪಳಗಿದ ಕೈ ಅದಕ್ಕೆ ಎದುರಾಗಿ ಸಣ್ಣಗೆ ಎಳೆದು ಸುಮ್ಮನಾಗಿಸಬೇಕು. ಕೋಲನ್ನೇ ದಪ್ಪ ಮಾಡಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಒಂದು ಪಟ್ಟಿಯ ಉದ್ದ ಎರಡು ಪಟ್ಟಾದರೆ ಅದರ ಕಂಪನದ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಮೊದಲಿನ ವೇಗವೇ ಬೇಕೆಂದರೆ ದಪ್ಪ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ದೋಟಿಯ ಈ ಕಷ್ಟವೇ ಬಾಹ್ಯಾಕಾಶದ ಉದ್ದನೆಯ ಹಗುರ ರಚನೆಗಳಿಗೂ ಇದೆ; ಅಲ್ಲಿ ಅಷ್ಟು ತೂಕ ಹೊರುವವರಿಲ್ಲ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಹಗುರ ಸೌರಫಲಕಗಳು ಪ್ರತಿ ಸುತ್ತಿನಲ್ಲೂ ಬಿಸಿಲಿಗೂ ನೆರಳಿಗೂ ದಾಟುವಾಗ ಕಾದು, ಆರಿ, ಬಾಗಿ ಇಡೀ ದೂರದರ್ಶಕವನ್ನೇ ನಡುಗಿಸಿದವು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅವನ್ನು ಬದಲಿಸಬೇಕಾಯಿತು.

ಹಾಗಾಗಿ ಬಳುಕನ್ನು ಒಪ್ಪಿಕೊಂಡು ಅದನ್ನು ಆಳುವುದೇ ಸರಿಯಾದ ದಾರಿ ಎನ್ನುವುದು ನನ್ನ ವಾದ. 1880ರಲ್ಲಿ ಕ್ಯೂರಿ ಸಹೋದರರು ಕಂಡ ಪೀಜೋ ವಿದ್ಯುತ್ ಗುಣ ಇದಕ್ಕೆ ಆಧಾರ: ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ, ವಿದ್ಯುತ್ತು ಕೊಟ್ಟರೆ ಅವೇ ಹಿಗ್ಗಿ ಕುಗ್ಗುತ್ತವೆ. ಮೋಟರು ತಿರುಗಿಸುವ ಬಳುಕು ತೊಲೆಯೊಂದರ ಬುಡದಲ್ಲಿ ಇಂಥ ತೆಳು ಬಿಲ್ಲೆಗಳನ್ನು ಅಂಟಿಸಿದರೆ ಒಂದು ಬಿಲ್ಲೆ ಬಾಗುವಿಕೆಯನ್ನು ಅಳೆಯುತ್ತದೆ, ಇನ್ನೊಂದು ಅದಕ್ಕೆ ಎದುರು ತಳ್ಳುತ್ತದೆ. ಆದರೆ ಬಿಲ್ಲೆ ಹಿಗ್ಗುವುದು ತನ್ನ ಉದ್ದದ ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ತುದಿಯನ್ನು ದೂರಕ್ಕೆ ಒಯ್ಯುವುದು ಬುಡದ ಮೋಟರಿನದೇ ಕೆಲಸ. ಅವಸರಪಟ್ಟರೆ ಕಂಪನ ಹುಟ್ಟಿಸುವುದೂ ಅದೇ ಮೋಟರು. ಆದ್ದರಿಂದ ಗುರಿ ಮುಟ್ಟಿಸುವುದು, ನಡುಕ ನಿಲ್ಲಿಸುವುದು ಎಂದು ಇವನ್ನು ಎರಡು ಸಮಸ್ಯೆಗಳಾಗಿ ಒಡೆಯುವುದೇ ತಪ್ಪು. ಸಂಶೋಧಕರಾದ ಸಿಂಗರ್ ಮತ್ತು ಸೀರಿಂಗ್ 1990ರಲ್ಲಿ ತೋರಿಸಿದ ಉಪಾಯ ನೋಡಿ: ಆಜ್ಞೆಯ ಅರ್ಧವನ್ನು ಈಗ, ಉಳಿದರ್ಧವನ್ನು ಅರ್ಧ ಓಲಾಟ ಕಳೆದ ಮೇಲೆ ಕೊಟ್ಟರೆ, ಮೊದಲನೆಯದು ಎಬ್ಬಿಸಿದ ಅಲುಗಾಟವನ್ನು ಎರಡನೆಯದು ಅಳಿಸುತ್ತದೆ.

ನನ್ನ ವಾದಕ್ಕೆ ಗಟ್ಟಿ ಆಕ್ಷೇಪಗಳಿವೆ. ತೊಲೆ ನಡುಗುವ ಬಗೆಗಳಿಗೆ ಕೊನೆಯಿಲ್ಲ, ನಿಯಂತ್ರಕಕ್ಕೆ ಗೊತ್ತಿರುವುದು ನಾಲ್ಕಾರು. ಗೊತ್ತಿಲ್ಲದ ಬಗೆಗಳಿಗೆ ನಿಯಂತ್ರಕವೇ ಶಕ್ತಿ ಉಣಿಸಿ ನಡುಕ ಹೆಚ್ಚಿಸಬಹುದೆಂದು ಸಂಶೋಧಕ ಮಾರ್ಕ್ ಬಾಲಸ್ 1978ರಲ್ಲೇ ಎಚ್ಚರಿಸಿದ್ದರು. ಅಳೆಯುವುದನ್ನೂ ತಳ್ಳುವುದನ್ನೂ ಒಂದೇ ಜಾಗದಲ್ಲಿಟ್ಟು, ಅಲ್ಲಿನ ಚಲನೆಯ ವೇಗಕ್ಕೆ ಎದುರಾಗಿ ಮಾತ್ರ ತಳ್ಳಿದರೆ ಶಕ್ತಿ ಹೊರಹೋಗುವುದೇ ಹೊರತು ಒಳಬರುವುದಿಲ್ಲ. ಇದು ಬಹುಮಟ್ಟಿಗೆ ಉತ್ತರವಾಗುತ್ತದೆ, ಬಿಲ್ಲೆ ಮತ್ತು ಸರ್ಕ್ಯೂಟುಗಳು ತಡಮಾಡದಿದ್ದರೆ. ನಡುಕದ ಶಕ್ತಿಯನ್ನು ಹೀರುವ, ವಿದ್ಯುತ್ತೇ ಬೇಡದ ಡ್ಯಾಂಪರ್ ಸಾಲದೇ ಎನ್ನುವವರ ಮಾತನ್ನೂ ತಳ್ಳಿಹಾಕಲಾಗದು: 2000ದಲ್ಲಿ ಓಲಾಡಿದ ಲಂಡನ್ನಿನ ಮಿಲೆನಿಯಂ ಸೇತುವೆಯನ್ನು ಅಂಥವೇ ಸರಿಪಡಿಸಿದವು. ಸೇತುವೆಗೆ ಅದೇ ಸರಿ, ತೂಕ ಹೊರಲು ಅಲ್ಲಿ ನೆಲವಿದೆ. ಆದರೆ 1981ರಲ್ಲಿ ಮೊದಲು ಹಾರಿದ ಬಾಹ್ಯಾಕಾಶ ನೌಕೆಯ 15 ಮೀಟರ್ ಉದ್ದದ ಕೆನಡಾರ್ಮ್ ಯಂತ್ರತೋಳು ಖಾಲಿಯಿದ್ದಾಗ ಓಲಾಡುವ ಲಯ ಒಂದು, ಟನ್ನುಗಟ್ಟಲೆ ತೂಕದ ಉಪಗ್ರಹ ಹಿಡಿದಾಗಿನ ಲಯ ಇನ್ನೊಂದು. ಒಂದೇ ಲಯಕ್ಕೆ ಹೊಂದಿಸಿಟ್ಟ ಡ್ಯಾಂಪರ್ ಅಲ್ಲಿ ಕೈಚೆಲ್ಲುತ್ತದೆ. ದೋಟಿ ಹಿಡಿದವನಂತೆಯೇ ಗಗನಯಾತ್ರಿಯೂ ತುದಿ ತಣಿಯಲೆಂದು ಕಾಯಬೇಕಾಗುತ್ತಿತ್ತು.