ದಡ ದಾಟಿ ಹೋಗುವ ಚಿಕಿತ್ಸೆ

2014ರ ಮಳೆಗಾಲ. ಸುರಪುರ ತಾಲ್ಲೂಕಿನ ನಡುಗಡ್ಡೆ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದರು. ಹೆರಿಗೆ ಹತ್ತಿರವಿತ್ತು, ಆಸ್ಪತ್ರೆ ಆಚೆ ದಡದಲ್ಲಿತ್ತು.

ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಚಿಕಿತ್ಸೆಯೇ ಅವರಿದ್ದಲ್ಲಿಗೆ ಹೋಗಬೇಕು. ಸೇನೆಯ ವೈದ್ಯಕೀಯ ಪಡೆಯ ಕಾಯಕವೇ ಇದು. 1951ರ ಮಾರ್ಚ್‌ನಲ್ಲಿ, ಕೊರಿಯಾ ಯುದ್ಧದ ವೇಳೆ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ ಭಾರತೀಯ ತಂಡವೊಂದು ಅಮೆರಿಕದ ಸೈನಿಕರ ಜೊತೆ ವಿಮಾನದಿಂದ ಧುಮುಕಿ, ಗಾಯಾಳುಗಳಿಗೆ ರಣರಂಗದಲ್ಲೇ ಚಿಕಿತ್ಸೆ ನೀಡಿತು.

ಇಂಥ ಕೆಲಸಕ್ಕೆ ಇಳಿಯುವವರು ಮೊದಲು ಕಲಿಯಬೇಕಾದದ್ದು ಕ್ರಮ. ಗುಂಡೇಟಿನ ಗಾಯದಲ್ಲಿ ಮೊದಲ ಗಮನ ರಕ್ತಸ್ರಾವದ ಕಡೆಗೆ. ಗಾಯವನ್ನು ಒತ್ತಿ ಹಿಡಿಯಬೇಕು. ಕೈಕಾಲಿನ ರಕ್ತ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ ಬಿಗಿ ಪಟ್ಟಿ ಕಟ್ಟಿ, ಕಟ್ಟಿದ ವೇಳೆಯನ್ನು ಬರೆದಿಡಬೇಕು. ಉಸಿರಾಟದ ಸರದಿ ಅದರ ನಂತರ.

ನೀರಿನಲ್ಲಿ ಮುಳುಗಿದವರ ವಿಷಯದಲ್ಲಿ ಈ ಕ್ರಮ ಬದಲಾಗುತ್ತದೆ. ಅವರಿಗೆ ಮೊದಲು ಬೇಕಾದದ್ದು ಗಾಳಿ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ತಪ್ಪು. ಹೊಟ್ಟೆಯಲ್ಲಿರುವುದು ಶ್ವಾಸನಾಳಕ್ಕೆ ನುಗ್ಗಬಹುದು. ಅಮೂಲ್ಯ ನಿಮಿಷಗಳೂ ಕಳೆದುಹೋಗುತ್ತವೆ. ಉಸಿರು ನಿಂತಿದ್ದರೆ ಮೊದಲು ಬಾಯಿಂದ ಬಾಯಿಗೆ ಉಸಿರು ಕೊಡಬೇಕು. ಬಳಿಕ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, 2 ಬಾರಿ ಉಸಿರು. ನೆರವು ಬರುವವರೆಗೂ ಇದನ್ನೇ ಮುಂದುವರಿಸಬೇಕು. ಭೀಮೆಯ ದಡದ ಯಾದಗಿರಿಯಲ್ಲೂ, ಪ್ರವಾಹ ಬಂದರೆ ಸೇತುವೆ ಮುಳುಗುವ ಶಹಾಪುರ ತಾಲ್ಲೂಕಿನ ಕೊಳ್ಳೂರಿನಲ್ಲೂ ಇದು ಮನೆಮನೆಗೆ ತಿಳಿದಿರಬೇಕಾದ ವಿದ್ಯೆ.

ಇದನ್ನೇ ವೃತ್ತಿಯಾಗಿ ಮಾಡಿಕೊಳ್ಳುವ ದಾರಿಯೂ ಇದೆ. 1948ರಲ್ಲಿ ಆರಂಭವಾದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿಗೆ ನೀಟ್ ಪರೀಕ್ಷೆ ಬರೆದವರು ಅರ್ಜಿ ಹಾಕಬಹುದು. ಎಂಬಿಬಿಎಸ್‌ಗೆ ಹುಡುಗ ಹುಡುಗಿಯರಿಬ್ಬರಿಗೂ, ಬಿ.ಎಸ್ಸಿ. ನರ್ಸಿಂಗ್‌ಗೆ ಹುಡುಗಿಯರಿಗೆ ಅಲ್ಲಿ ಅವಕಾಶವಿದೆ. ವೈದ್ಯಕೀಯ ಸೀಟು ಸಿಗದ ಹುಡುಗರು ಸೇನೆಯ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಯತ್ತ ನೋಡಬಹುದು. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಅಂಕ, ವಯಸ್ಸು, ಮೈಕಟ್ಟಿನ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳುವುದು ಒಳಿತು. ಆಯ್ಕೆಯಾದವರಿಗೆ ಓಟ, ಕವಾಯತಿನ ಜೊತೆಗೆ ಶುಶ್ರೂಷೆಯ ಶಿಕ್ಷಣವೂ ದೊರೆಯುತ್ತದೆ.

ಸೀಟು ತಪ್ಪಿದೊಡನೆ ಮಕ್ಕಳ ಓದೇ ವ್ಯರ್ಥವಾಯಿತೆಂದು ಕೊರಗುವ ತಂದೆತಾಯಿಗಳು ಒಂದನ್ನು ನೆನಪಿಡಬೇಕು. ನಡುಗಡ್ಡೆಯಲ್ಲಿ ಸಿಕ್ಕಿಬಿದ್ದವರಿಗೆ ಬೇಕಾಗಿರುವುದು ದೊಡ್ಡ ಪದವಿಯಲ್ಲ. ಹೊತ್ತಿಗೆ ಸರಿಯಾಗಿ ದಡ ದಾಟಿ ಬರುವ, ಕೆಲಸ ಬಲ್ಲ ಎರಡು ಕೈಗಳು.