ಹದಿನಾಲ್ಕು ಗುಳಿ, ಐದು ಹರಳು

ನಾಗರ ಪಂಚಮಿ ಹತ್ತಿರ ಬಂತೆಂದರೆ ನಮ್ಮ ಪೋತ್ನಾಳ, ಮಾನವಿ, ದೇವದುರ್ಗದ ಕಡೆ ಮದುವೆಯಾದ ಹೆಣ್ಣುಮಕ್ಕಳ ಜೀವವೆಲ್ಲ ತವರಿನ ಕಡೆಗೇ. ಬೇವಿನ ಮರಕ್ಕೆ ಜೋಕಾಲಿ ಬೀಳಬೇಕು, ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟು ಡಬ್ಬಿ ತುಂಬಬೇಕು. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತಾರೆ. ಗಂಡಸರು ನಿಂಬೆಹಣ್ಣು ಎಸೆಯುವ ಪಂಥ ಕಟ್ಟುತ್ತಾರೆ. ನಲವತ್ತು ದಾಟಿದ ಹೆಂಗಸು ಅಂದು ಜೋಕಾಲಿ ಏರಿ ಜೀಕಿದರೂ ಯಾರೂ ನಗುವುದಿಲ್ಲ. ಆದರೆ ಸೋದರಿಯರೇ, ಪಂಚಮಿ ಮುಗಿದ ಮರುದಿನದಿಂದ? ಹೆಣ್ಣಿಗೆ ಆಟ ಆಡಲು ಪರವಾನಗಿ ಎಲ್ಲಿದೆ?

ಪರವಾನಗಿ ಇಲ್ಲದೆಯೂ ಆಡುವಂಥ ಆಟಗಳನ್ನು ನಮ್ಮ ಅವ್ವಂದಿರು, ಅಜ್ಜಿಯರು ಇಟ್ಟುಕೊಂಡಿದ್ದರು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಸ್ವಲ್ಪ ಯೋಚಿಸಿ ನೋಡಿ. ಚಿಣಿಪಣಿ, ಲಗೋರಿ, ಬುಗುರಿ ಇವೆಲ್ಲ ಬಯಲಿನ ಆಟ. ಓಡಬೇಕು, ಕೂಗಬೇಕು, ಊರ ಹೊರಗೆ ಹೋಗಬೇಕು. ಹುಡುಗಿಯ ಆಟ ಹಾಗಲ್ಲ. ಹೊಸ್ತಿಲ ಹತ್ತಿರ, ಕಟ್ಟೆಯ ಮೇಲೆ ಕೂತಲ್ಲೇ ಆಗಬೇಕು. ತೊಡೆಯ ಮೇಲೆ ಕೂಸು ಮಲಗಿರಬಹುದು, ಒಲೆಯ ಮೇಲೆ ಹಾಲಿರಬಹುದು. "ಏ ಹುಡುಗಿ, ಹಾಲು ಉಕ್ಕಲಿಕ್ಕೆ ಹತ್ತೇದ ನೋಡು" ಎಂದು ಒಳಗಿನಿಂದ ಕೂಗು ಬಂದರೆ ಥಟ್ಟನೆ ಎದ್ದು ಹೋಗಿ, ಮತ್ತೆ ಬಂದು ಬಿಟ್ಟಲ್ಲಿಂದಲೇ ಶುರು ಮಾಡಬೇಕು. ಅಳಗುಳಿ ಮಣೆ, ಚೌಕಾಬಾರ, ಐದು ಹರಳಿನ ಆಟ ಮೂರೂ ಹೀಗೆ ಬಿಟ್ಟು ಬಿಟ್ಟು ಆಡಬಹುದಾದ ಆಟಗಳೇ! ಮೈನೆರೆದು ಮೂಲೆ ಹಿಡಿದ ಹುಡುಗಿಗೂ, ತವರಿಗೆ ಬಂದ ಬಸುರಿಗೂ ಅಳಗುಳಿ ಮಣೆ ಕೊಟ್ಟು ಕೂಡಿಸುತ್ತಿದ್ದರು.

ಮಣೆಯಲ್ಲಿ ಒಂದೊಂದು ಸಾಲಿಗೆ ಏಳರಂತೆ 14 ಗುಳಿ. ಗುಳಿಗೆ ನಾಲ್ಕು ಇಲ್ಲವೇ ಐದು ಹುಣಸೆ ಬೀಜ. ಐದರ ಲೆಕ್ಕಕ್ಕೆ ಒಟ್ಟು 70. ನಿಮ್ಮ ಸಾಲಿನ ಒಂದು ಗುಳಿ ಬರಿದು ಮಾಡಿ, ಮುಂದಿನ ಗುಳಿಗಳಿಗೆ ಒಂದೊಂದೇ ಬೀಜ ಹಾಕುತ್ತ ಹೋಗಿ. ಕೈ ಖಾಲಿಯಾದರೆ ಅದರ ಮುಂದಿನ ಗುಳಿಯ ಬೀಜ ಎತ್ತಿಕೊಂಡು ಮುಂದುವರಿಯಿರಿ. ಆ ಮುಂದಿನ ಗುಳಿ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿ ಇರುವುದೆಲ್ಲ ನಿಮ್ಮದು. ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ಊರಿಂದೂರಿಗೆ ಕಟ್ಟಳೆ ಅಷ್ಟಿಷ್ಟು ಬೇರೆ. ಬೀಜವೆಲ್ಲ ಮುಗಿದ ಮೇಲೆ ಗೆದ್ದವಳು ತನ್ನ ಏಳೂ ಗುಳಿ ತುಂಬಿ ಉಳಿದದ್ದನ್ನು ಉಡಿಯಲ್ಲಿ ಕಟ್ಟಿಕೊಳ್ಳುತ್ತಾಳೆ. ಸೋತವಳಿಗೆ ಎಷ್ಟು ಗುಳಿ ತುಂಬುತ್ತದೋ ಅಷ್ಟೇ. ತುಂಬದ ಗುಳಿಗೆ ಒಂದು ಕಡ್ಡಿ ಅಡ್ಡ ಇಡುತ್ತಾರೆ, ಅದು ಮುಚ್ಚಿದ ಮನೆ. ಮುಂದಿನ ಆಟವನ್ನು ಅವಳು ಆರೋ ಐದೋ ಮನೆಯಲ್ಲೇ ನಡೆಸಬೇಕು. ಕಡಿಮೆ ಇದ್ದವಳು ಜಾಣತನದಿಂದ ಮತ್ತೆ ಏಳು ಮನೆ ತುಂಬಿಸಿಕೊಂಡದ್ದನ್ನು ನೋಡಿದಾಗ, ಸಂಬಳದ ಕೊನೆ ವಾರ ಸಂಸಾರ ತೂಗಿಸುವ ನಮಗೆ ಬೇರೆ ವಿವರಣೆ ಬೇಕಿಲ್ಲ! ಹೆಬ್ಬೆಟ್ಟು ಒತ್ತುವ ಅಜ್ಜಿಯೂ ಮೊದಲ ಬೀಜ ಹಾಕುವ ಮುಂಚೆಯೇ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಕಣ್ಣಲ್ಲೇ ಲೆಕ್ಕ ಹಾಕಿರುತ್ತಾಳೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ನಮ್ಮ ಸೀಮೆಗೆ ಬಂದ ಮೇಲೆ ಆಂಧ್ರದಿಂದ ಎಷ್ಟೋ ರೈತ ಕುಟುಂಬಗಳು ಬಂದು ನೆಲೆಸಿದವು. ಮಾನವಿ, ಸಿಂಧನೂರು ಕಡೆ 'ಕ್ಯಾಂಪ್' ಎನ್ನುವ ಊರುಗಳು ಅವರವೇ. ಅವರ ಮನೆಯ ಹೆಣ್ಣುಮಕ್ಕಳು ಅಳಗುಳಿ ಮಣೆಗೆ 'ವಾಮನ ಗುಂಟಲು' ಅನ್ನುತ್ತಾರೆ, ಹರಳಿನಾಟಕ್ಕೆ 'ಅಚ್ಚನಗಂಡ್ಲು'. ಚೌಕಾಬಾರದ ಸಂಗತಿ ಇನ್ನೂ ಚೆಂದ. ನಾಲ್ಕು ಕವಡೆ ಚೆಲ್ಲಿದಾಗ ಬೀಳುವ ನಾಲ್ಕಕ್ಕೆ ನಾವು ಚೌಕಾ ಎಂದು, ಎಂಟಕ್ಕೆ ಬಾರಾ ಎಂದು ಕರೆದು ಎರಡನ್ನೂ ಕೂಡಿಸಿ ಆಟಕ್ಕೆ ಹೆಸರಿಟ್ಟಿದ್ದೇವೆ. ಅವರು ಎಂಟಕ್ಕೆ ಅಷ್ಟಾ, ನಾಲ್ಕಕ್ಕೆ ಚಮ್ಮಾ ಎಂದು 'ಅಷ್ಟಾಚಮ್ಮಾ' ಅಂದಿದ್ದಾರೆ. ನಮ್ಮದು ನಾಲ್ಕು-ಎಂಟು, ಅವರದು ಎಂಟು-ನಾಲ್ಕು! ಒಬ್ಬರ ಮಾತು ಒಬ್ಬರಿಗೆ ತಿಳಿಯದ ಹುಡುಗಿಯರೂ ಒಂದೇ ಕಟ್ಟೆಯ ಮೇಲೆ ಕೂತು ಆಡಲು ಇದಕ್ಕಿಂತ ಇನ್ನೇನು ಬೇಕು?

ನೆರೆಯ ತೆಲುಗರ ಮಾತಾಯಿತು. ಸಮುದ್ರ ದಾಟಿ ಮಲೇಶಿಯಾಕ್ಕೆ ಹೋದರೂ ಇದೇ ಆಟ ಎದುರಾಗುತ್ತದೆ. ಮಲಯ ಜನರ 'ಚೊಂಕಾಕ್' ದೋಣಿಯಾಕಾರದ ಮರದ ಮಣೆ. ಸಾಮಾನ್ಯವಾಗಿ ಸಾಲಿಗೆ ಏಳೇ ಗುಳಿ. ಎರಡು ತುದಿಗೆ ಮಾತ್ರ ಗೆದ್ದದ್ದನ್ನು ಕೂಡಿಡಲು ಒಂದೊಂದು ದೊಡ್ಡ ಗುಳಿ, ನಮ್ಮ ಉಡಿ ಇದ್ದ ಹಾಗೆ. ಅಲ್ಲಿ ಕವಡೆ, ಚಿಪ್ಪು, ಬೀಜ ಹಾಕಿ ಆಡುತ್ತಾರೆ. ಅವರ ಬುಗುರಿಗೆ 'ಗಾಸಿಂಗ್', ಗಾಳಿಪಟಕ್ಕೆ 'ವಾವ್' ಎಂಬ ಹೆಸರು. 1989ರಲ್ಲಿ ಆ ದೇಶ ಹೊರಡಿಸಿದ ನಾಣ್ಯಗಳಲ್ಲಿ 5 ಸೆನ್ನಿನ ಮೇಲೆ ಬುಗುರಿ, 10 ಸೆನ್ನಿನ ಮೇಲೆ ಚೊಂಕಾಕ್ ಮಣೆ, 50 ಸೆನ್ನಿನ ಮೇಲೆ ಗಾಳಿಪಟ ಅಚ್ಚೊತ್ತಿದ್ದರು. ಹೆಂಗಸರು, ಮಕ್ಕಳು ಆಡುವ ಮಣೆಯೊಂದು ನಾಣ್ಯದ ಮೇಲೆ ಬಂತಲ್ಲ ಎಂದು ನನಗಂತೂ ಹಿಗ್ಗಾಯಿತು. ನಮ್ಮಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಮಣೆಯಾಟಗಳನ್ನು ರೂಪಿಸಿದರು, ಅವು ಗ್ರಂಥಕ್ಕೂ ಸೇರಿದವು. ಹಂಪಿಯ ಹಾಸುಗಲ್ಲುಗಳ ಮೇಲೂ ಯಾರೋ ಹೊತ್ತು ಕಳೆಯಲು ಕೊರೆದ ಆಟದ ಗೆರೆಗಳಿವೆ. ಅವ್ವ ಕಲಿಸಿದ ಆಟ ಮಾತ್ರ ಅವ್ವನ ಬಾಯಲ್ಲೇ ಉಳಿಯಿತು.

ಈಗ ಎಲ್ಲರೂ ಮೊಬೈಲನ್ನು ಬೈಯುತ್ತಾರೆ. ಬೈಯಲಿ, ತಪ್ಪಿಲ್ಲ. ಆದರೆ ನನಗೆ ಕಾಣುವುದು ಬೇರೆ. ಹುಡುಗಿಗೆ ಆಟ ಕಲಿಸಬೇಕಾದವಳಿಗೇ ಕೂಡಲು ಪುರಸೊತ್ತಿಲ್ಲ. ನಾಟಿಯ ದಿನಗಳಲ್ಲಿ ತಾಯಿ ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗುತ್ತಾಳೆ, ದೊಡ್ಡ ಮಗಳು ತಮ್ಮನನ್ನು ಕಂಕುಳಲ್ಲಿ ಹೊತ್ತು ಮನೆ ಕಾಯುತ್ತಾಳೆ. ಹತ್ತಿ ಬಿಡಿಸುವ ದಿನ ಬಂದರೆ ಸಾಲೆಯೂ ತಪ್ಪುತ್ತದೆ. ಅನುಕೂಲಸ್ಥರ ಮನೆಯಲ್ಲಾದರೆ ಸಾಲೆ ಬಿಟ್ಟ ಕೂಡಲೇ ಟ್ಯೂಷನ್, ಅದು ಮುಗಿದರೆ ಹೋಂವರ್ಕ್. ಗಂಡುಹುಡುಗ ಹೇಗೋ ಬ್ಯಾಟು ಹಿಡಿದು ಹೊರಗೆ ಓಡುತ್ತಾನೆ. ಹುಡುಗಿ? ಮನೆಗೆಲಸದ ನಡುವೆ ಅವಳಿಗೆಂದು ಇದ್ದ ಆ ಅರ್ಧ ಗಂಟೆಯೂ ಹೋಯಿತು. ಅದನ್ನು ಅವಳಿಗೆ ಮತ್ತೆ ಕೊಡಿಸಬೇಕಾದವರು ನಾವೇ ಅಲ್ಲವೇ? "ಹೊತ್ತು ಮುಳುಗಿದ ಮ್ಯಾಲ ಕವಡಿ ಚೆಲ್ಲಬ್ಯಾಡ, ದರಿದ್ರ" ಎಂದು ಗದರಿಸುವ ಬಾಯಿಯೂ ನಮ್ಮದೇ. ಅದೇ ಹೊತ್ತಿಗೆ ಟಿ.ವಿ.ಯ ಧಾರಾವಾಹಿ ನೋಡಿದರೆ ಮಾತ್ರ ದರಿದ್ರ ಬರುವುದಿಲ್ಲ!

ಹರಳಿನಾಟಕ್ಕೆ ಕಾಸಿನ ಖರ್ಚಿಲ್ಲ. ಐದು ಹರಳು ಚೆಲ್ಲಿ, ಒಂದನ್ನು ಮೇಲೆ ಹಾರಿಸಿ, ಅದು ಕೆಳಗೆ ಬರುವಷ್ಟರಲ್ಲಿ ನೆಲದ ಮೇಲಿನ ಒಂದನ್ನು ಬಾಚಿ, ಬೀಳುವುದನ್ನೂ ಹಿಡಿಯಬೇಕು. ಆಮೇಲೆ ಎರಡೆರಡು, ಬಳಿಕ ಮೂರು ಮತ್ತು ಒಂದು, ಕೊನೆಗೆ ನಾಲ್ಕೂ ಒಮ್ಮೆಗೇ. ನಮ್ಮ ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೇ ಹೋಗುವ ಮಕ್ಕಳೂ ಇದನ್ನು ಆಡಬಹುದು. ಕಟ್ಟಡ ಕಟ್ಟುವಲ್ಲಿ ಜಲ್ಲಿಕಲ್ಲಿಗೇನು ಬರ? ಮಲಯ ಹುಡುಗಿಯರು ಇದಕ್ಕೆ 'ಬಾತು ಸೆರೆಂಬಾನ್' ಎಂದು ಹೆಸರಿಟ್ಟು, ಕಲ್ಲಿನ ಬದಲು ಅಕ್ಕಿ ಇಲ್ಲವೇ ಕಾಳು ತುಂಬಿದ ಪುಟ್ಟ ಬಟ್ಟೆಯ ಚೀಲಗಳಿಂದಲೂ ಆಡುತ್ತಾರೆ. ಸಣ್ಣ ಮಕ್ಕಳಿರುವ ಮನೆಗೆ ಇದು ಒಳ್ಳೆಯದು, ಬೆರಳಿಗೆ ಪೆಟ್ಟಾಗುವುದಿಲ್ಲ. ಕುಪ್ಪಸದ ಉಳಿದ ತುಂಡುಗಳಲ್ಲಿ ಎರಡು ಬೆರಳಗಲದ ಐದು ಚೀಲ ಹೊಲಿದು, ನುಚ್ಚಕ್ಕಿಯನ್ನು ತುಸು ಸಡಿಲವಾಗಿ ತುಂಬಿ ಬಾಯಿ ಹೊಲಿಯಿರಿ. ಗಟ್ಟಿ ತುಂಬಿದರೆ ಅಂಗೈಯಲ್ಲಿ ನಿಲ್ಲದೆ ಜಾರುತ್ತದೆ.

ಅಳಗುಳಿಗೆ ಮರದ ಮಣೆಯೇ ಬೇಕೆಂದಿಲ್ಲ. ಪಡಸಾಲೆಯ ಫರ್ಸಿಯ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಸಾಲು, ಏಳೇಳು ಸುತ್ತು ಬರೆದರಾಯಿತು. ಬೇಸಿಗೆಯಲ್ಲಿ ವರ್ಷದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತೀರಲ್ಲ, ಆಗ ಎಲ್ಲ ಎಸೆಯದೆ ದಪ್ಪನೆಯ 70 ಬೀಜ ತೊಳೆದು, ಒಣಗಿಸಿ ಡಬ್ಬಿಯಲ್ಲಿ ಹಾಕಿಡಿ. ಒಂದು ಹತ್ತು ಹೆಚ್ಚಿಗೇ ಇರಲಿ, ಕೂಸುಗಳಿದ್ದ ಮನೆಯಲ್ಲಿ ಬೀಜ ಕಳೆಯುತ್ತಲೇ ಇರುತ್ತವೆ.